ಟಿ-34ರ ಒಂದು ಕೊಂಡಿ

ಟಿ-34 ಟ್ಯಾಂಕಿನ ಚೈನಿಗೆ ಒಂದು ಬದಿಗೆ 72 ಕೊಂಡಿ, ಎರಡೂ ಸೇರಿ 144. ಅದರ 1:35 ಅಳತೆಯ ಪ್ಲಾಸ್ಟಿಕ್ ಮಾದರಿ ಮಾಡುವ ನನ್ನ ಕಿಟ್‌ನಲ್ಲಿ ಒಂದೊಂದನ್ನೂ ಅದು ಅಂಟಿಕೊಂಡು ಬರುವ ಫ್ರೇಮಿನಿಂದ ಕತ್ತರಿಸಿ, ಉಜ್ಜಿ, ಜೋಡಿಸಬೇಕು. ಅದಕ್ಕೆ ತಕರಾರಿಲ್ಲ; ಒಂದು ಬಿಟ್ಟು ಒಂದಕ್ಕೆ ಹಲ್ಲಿರುವ ಆ ಸಾಲು ಚಕ್ರಗಳ ಮೇಲೆ ಜೋತುಬಿದ್ದು ಕೂತಾಗ ಕಣ್ಣು ತುಂಬುತ್ತದೆ. ಆದರೆ ಎಣಿಸಿ 144 ಮಾತ್ರ ಕೊಡುವುದು ಯಾವ ನ್ಯಾಯ? ಮೂರು ರಾತ್ರಿ ಕೂತು ಮಾಡಿದ್ದೆ. ಕೊನೆಗೆ ಒಂದು ಕೊಂಡಿ ಕಟರ್ ಬಾಯಿಂದ ಟಕ್ ಅಂತ ಹಾರಿತು. ಮಂಚ ಸರಿಸಿ, ಟಾರ್ಚ್ ಹಿಡಿದು, ಗುಡಿಸಿದ ಕಸವನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ತಯಾರಿಸಿದವರಿಗೆ ಬರೆದರೆ ಬಿಡಿ ಭಾಗ ಮಾರುವುದಿಲ್ಲವಂತೆ. ಸಾವಿರಾರು ರೂಪಾಯಿ ತೆಗೆದುಕೊಳ್ಳುವವರು ನಾಲ್ಕು ಕೊಂಡಿ ಹೆಚ್ಚಿಗೆ ಹಾಕಿದರೆ ಅವರ ಗಂಟೇನು ಹೋಗುತ್ತದೆ? ಬಲಗಡೆಯ ಚೈನು ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ.