ಮೌನವಾಗಿರಿ ಅಂದ್ರೆ ಹೇಗೆ ಸ್ವಾಮಿ?

ಪ್ರಕೃತಿ ಕೇಂದ್ರದ ಬಾಗಿಲಲ್ಲೇ 'ಮೌನವಾಗಿರಿ' ಅಂತ ಬೋರ್ಡು. ನಮ್ಮ ಮನೆಯವರಿಗೆ ಅದೊಂದು ಬಿಟ್ಟು ಇನ್ನೇನು ಬೇಕಾದರೂ ಹೇಳಿ. ಅಪ್ಪ ಬೋರ್ಡನ್ನು ಗಟ್ಟಿಯಾಗಿ ಓದಿದರು, ಅಮ್ಮ ಅದಕ್ಕಿಂತ ಗಟ್ಟಿಯಾಗಿ "ಓದಿದ್ದು ಸಾಕು, ಸುಮ್ನಿರಿ" ಅಂದರು, ಪೊದೆಯಲ್ಲಿದ್ದ ಹಕ್ಕಿಗಳೆಲ್ಲ ಪುರ್ರಂತ ಹಾರಿಹೋದವು. ಪಕ್ಷಿ ವೀಕ್ಷಣೆ ಅಲ್ಲಿಗೆ ಮುಗಿಯಿತು.

ಒಳಗೆ ಗಾಜಿನ ಪೆಟ್ಟಿಗೆಗಳು. ಮೊದಲನೆಯದರಲ್ಲಿ ನಾಲ್ಕು ಒಣ ಕಡ್ಡಿ, ಒಂದಿಷ್ಟು ಎಲೆ, ಅಷ್ಟೇ. "ಖಾಲಿ ಪೆಟ್ಟಿಗೆ ತೋರಿಸೋಕೆ ಟಿಕೆಟ್ ಬೇರೆ" ಅಂತ ನಮ್ಮವರು ಗೊಣಗಿ, ಗಾಜಿಗೆ ಮೂಗು ಅಂಟಿಸಿ ನೋಡಿದರು. ಗೈಡ್ ಹುಡುಗಿ ಏನೂ ಹೇಳದೆ ಕಾಯುತ್ತಿದ್ದಳು. ಅಷ್ಟರಲ್ಲಿ ಒಂದು ಕಡ್ಡಿ ನಿಧಾನಕ್ಕೆ ಕಾಲೆತ್ತಿತು, ಗಾಳಿಗೆ ತೂಗುವ ಹಾಗೆ ಹಿಂದೆ ಮುಂದೆ ತೂಗಿ, ಪಕ್ಕದ ಕಡ್ಡಿಯ ಮೇಲೆ ಆ ಕಾಲಿಟ್ಟಿತು. ಕಡ್ಡಿ ಹುಳ! ಪೆಟ್ಟಿಗೆಯೊಳಗೆ ಎಲ್ಲಿಯ ಗಾಳಿ, ಆದರೂ ನಟನೆ ಬಿಡುವುದಿಲ್ಲ. ನಮ್ಮವರು ಹೌಹಾರಿ ಹಿಂದಕ್ಕೆ ಜಿಗಿದು ಯಾರದ್ದೋ ಕಾಲು ತುಳಿದರು. ಆಮೇಲೆ ನೋಡಿದರೆ ನಾಲ್ಕರಲ್ಲಿ ಮೂರು ಕಡ್ಡಿಗೆ ಕಾಲಿತ್ತು.

ಆಮೆಯ ಹತ್ತಿರ ಮಗ, "ರಾತ್ರಿ ಚಿಪ್ಪು ಬಿಚ್ಚಿಟ್ಟು ಮಲಗತ್ತಾ?" ಅಂದ. ಚಿಪ್ಪು ಅಂಗಿ ಥರ ಅಲ್ಲ, ಅದರ ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಚಿಪ್ಪಿನ ಜೊತೆ ಸೇರಿಕೊಂಡಿರತ್ತೆ ಅಂತ ಹುಡುಗಿ ಹೇಳಿದ್ದೇ ತಡ, ಅಮ್ಮ "ನನ್ನ ಬೆನ್ನೂ ಹೀಗೇ ಸೇರಿಕೊಂಡಿದೆ ನೋಡಮ್ಮಾ" ಅಂತ ಶುರು ಮಾಡಿದರು. ಎಕ್ಸ್‌ರೇ, ಮುಲಾಮು, ಹಾಸಿಗೆ, ಎಲ್ಲ ಬಂತು. ಆಮೆ ತಲೆ ಒಳಗೆಳೆದುಕೊಂಡಿತು. ಪಾಪ, ಹುಡುಗಿಗೆ ಆ ಸೌಲಭ್ಯ ಇರಲಿಲ್ಲ.

ಚಿಟ್ಟೆ ತೋಟದಲ್ಲಿ ಬಿಸಿಲು ಜಾಸ್ತಿ, ಅಪ್ಪನ ಬೋಳು ತಲೆ ಬೆವರಿ ಹೊಳೆಯುತ್ತಿತ್ತು. ಒಂದು ಚಿಟ್ಟೆ ಸೀದಾ ಬಂದು ಅಲ್ಲೇ ಕೂತು, ಸುರುಳಿ ಸುತ್ತಿದ್ದ ಸಣ್ಣ ಕೊಳವೆಯನ್ನು ಬಿಚ್ಚಿ, ನೆತ್ತಿಯ ಮೇಲೆ ಅಲ್ಲಿ ಇಲ್ಲಿ ಒತ್ತಿ ನೋಡತೊಡಗಿತು. ಅಪ್ಪನ ಮುಖದಲ್ಲಿ ಎಂಥಾ ಗರ್ವ! "ಮಕರಂದದಲ್ಲಿ ಉಪ್ಪು ತುಂಬಾ ಕಮ್ಮಿ ಸರ್, ಅದಕ್ಕೆ ಇವು ಒದ್ದೆ ಮಣ್ಣು, ಬೆವರು, ಸಗಣಿ ಹುಡುಕಿಕೊಂಡು ಬರ್ತವೆ" ಅಂದಳು ಹುಡುಗಿ. ಸಗಣಿ ಅನ್ನುವಾಗ ಗರ್ವ ಸ್ವಲ್ಪ ಇಳಿಯಿತು. ಆದರೂ ಅಲುಗಾಡಲಿಲ್ಲ. ಜೇಬಿನಲ್ಲಿ ಫೋನ್ ಬಡಿದುಕೊಂಡರೂ ತೆಗೆಯಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಈ ಅದ್ಭುತ ನೋಡಿ, ಹುಡುಗಿಯ ಕಿವಿಯಲ್ಲಿ ಕೇಳಿದರು: "ಇದನ್ನ ಮನೆಗೆ ಕೊಡ್ತೀರಾ?"

'ಇಲ್ಲಿಂದ ಏನನ್ನೂ ಒಯ್ಯಬೇಡಿ' ಅಂತ ಹೊರಗೆ ಹೋಗುವಲ್ಲಿ ಇನ್ನೊಂದು ಬೋರ್ಡು. ಅಪ್ಪನ ಸಾಕ್ಸ್ ತುಂಬ ಮುಳ್ಳುಮುಳ್ಳು ಬೀಜ. ಕಡ್ಡಿ ಹುಳದ ಅವಮಾನ ತೊಳೆದುಕೊಳ್ಳಲು ನಮ್ಮವರು ಕಾಯುತ್ತಲೇ ಇದ್ದರಲ್ಲ, "ಮಾವ, 1941ರಲ್ಲಿ ಜಾರ್ಜ್ ಡಿ ಮೆಸ್ಟ್ರಾಲ್ ಅಂತ ಸ್ವಿಟ್ಜರ್‌ಲೆಂಡಿನ ಎಂಜಿನಿಯರು, ತನ್ನ ನಾಯಿ ಮೈಗೆ ಹೀಗೇ ಬೀಜ ಅಂಟಿದ್ದು ನೋಡಿಯೇ ವೆಲ್ಕ್ರೋ ಕಂಡುಹಿಡಿಯೋಕೆ ಹೊರಟಿದ್ದು" ಅಂದರು.

"ಅಂದ್ರೆ ನಾನೀಗ ನಾಯಿನಾ?"

ಯಾರೂ ಮಾತಾಡಲಿಲ್ಲ. ಅಪ್ಪ ಬೆಂಚಿನ ಮೇಲೆ ಕೂತು ಒಂದೊಂದೇ ಬೀಜ ಕಿತ್ತು ಸುತ್ತಲೂ ಎಸೆಯತೊಡಗಿದರು. "ಎಸೀರಿ ಸರ್, ಹರಡಲಿ ಅಂತಲೇ ಗಿಡ ಅದನ್ನ ನಿಮಗೆ ಅಂಟಿಸಿರೋದು" ಅಂದಳು ಹುಡುಗಿ.

"ಗಿಡ ಹೇಳಿದ್ರೆ ಮಾಡ್ತಾರೆ ನೋಡು" ಅಂದರು ಅಮ್ಮ.