ಸಂಬೋಧನಾ ವಿಭಕ್ತಿ ಮತ್ತು ಅರ್ಧ ಲೀಟರ್ ಹಾಲು

ನಿನ್ನೆ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ನಮ್ಮ ಮನೆಯ ಅರ್ಧ ಲೀಟರ್ ಹಾಲು ಉಕ್ಕಿ, ಗ್ಯಾಸ್ ಕಟ್ಟೆಯ ಉದ್ದಕ್ಕೂ ಹರಿದು, ಕೆಳಗಿಟ್ಟಿದ್ದ ಈರುಳ್ಳಿ ಬುಟ್ಟಿಗೆ ಸಾಂಗವಾಗಿ ಅಭಿಷೇಕ ನಡೆಯಿತು. ಹಾಲು ಉಕ್ಕುವುದು ಯಾರ ಮನೆಗೂ ಹೊಸತಲ್ಲ. ಫೋನು ಬಂದಿತೆಂದು ಉಕ್ಕುತ್ತದೆ, ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಮಾತಿಗೆಳೆದರೆಂದು ಉಕ್ಕುತ್ತದೆ, ಸುಮ್ಮನೆ ಒಂದು ಕ್ಷಣ ಕಣ್ಣು ಆಚೆ ಹೋಯಿತೆಂದರೂ ಉಕ್ಕುತ್ತದೆ. ಆದರೆ ಸಂಬೋಧನಾ ವಿಭಕ್ತಿಯ ಕೊರತೆಯಿಂದ ಹಾಲು ಉಕ್ಕಿಸಿಕೊಂಡ ಮನೆ ಮೈಸೂರಿನಲ್ಲಿ ಬಹುಶಃ ನಮ್ಮದೊಂದೇ ಇರಬೇಕು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಈ ಅವಮಾನ ಇನ್ನಷ್ಟು ಚುಚ್ಚುತ್ತಿದೆ.

ಹದಿನಾಲ್ಕು ತಿಂಗಳ ಹಿಂದೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ನಾವಿಬ್ಬರೂ ಎರಡನೆಯ ಸಲ ಸಂಸಾರಸ್ಥರಾದೆವು. ಇವರು ಪತ್ನಿಯನ್ನು ಕಳೆದುಕೊಂಡವರು, ಹದಿಮೂರು ವರ್ಷದ ಮಗಳಿದ್ದಾಳೆ. ನಾನು ವಿಚ್ಛೇದನ ಪಡೆದವಳು, ಎಂಟು ವರ್ಷದ ಮಗನಿದ್ದಾನೆ. ಎರಡು ಮನೆಗಳು ಒಂದಾದಾಗ ಮನಸ್ಸುಗಳು ಒಂದಾಗುತ್ತವೆಯೋ ಇಲ್ಲವೋ, ಪಾತ್ರೆಗಳಂತೂ ಖಂಡಿತ ಆಗುವುದಿಲ್ಲ. ನಮ್ಮಲ್ಲಿ ಈಗ ಎರಡು ಮಿಕ್ಸಿ, ಮೂರು ಕುಕ್ಕರ್, ಎರಡು ಇಡ್ಲಿ ಸ್ಟ್ಯಾಂಡ್ ಹಾಗೂ ಪರಸ್ಪರ ಮುಖ ನೋಡದ ಇಬ್ಬರು ಗಣಪತಿಗಳಿದ್ದಾರೆ. ನನ್ನ ಕುಕ್ಕರಿನಲ್ಲಿ ಮೂರು ಕೂಗಿಗೆ ಬೇಯುವ ಬೇಳೆ ಈ ಮನೆಯ ಕುಕ್ಕರಿನಲ್ಲಿ ಐದು ಕೂಗಿಗೂ ಗಟ್ಟಿಯಾಗಿಯೇ ಇರುತ್ತದೆ. ಇದನ್ನೆಲ್ಲ ಸಹಿಸಿಕೊಳ್ಳಬಹುದು. ಕುಕ್ಕರು ಕೂಗುವುದಾದರೂ ಕೂಗುತ್ತದೆ. ನಮ್ಮ ಮಗಳು ಕೂಗುವುದೇ ಇಲ್ಲ ಎಂಬುದು ನನ್ನ ದೂರು.

ನನ್ನನ್ನು ಏನೆಂದು ಕರೆಯಬೇಕೆಂಬ ಬಗ್ಗೆ ಮೊದಲ ವಾರವೇ ಊಟದ ಮೇಜಿನ ಸುತ್ತ ಒಂದು ಸಭೆ ನಡೆದಿತ್ತು. ‘ಚಿಕ್ಕಮ್ಮ’ ಎಂಬ ಸಲಹೆ ಅತ್ತೆಯವರಿಂದ ಬಂದಿತು, ಆದರೆ ಮಗಳಿಗೆ ಆಗಲೇ ಮೂವರು ಚಿಕ್ಕಮ್ಮಂದಿರಿದ್ದು, ಆ ಪದದಲ್ಲಿ ಖಾಲಿ ಹುದ್ದೆ ಇರಲಿಲ್ಲ. ‘ಆಂಟಿ’ ಎಂದರೆ ಮಹಡಿಯ ಬಾಡಿಗೆಯವರು, ಹಾಲಿನ ಬೂತಿನವರು ಮತ್ತು ಬೀದಿಯಲ್ಲಿ ಸೀರೆಯುಟ್ಟು ನಡೆಯುವ ಸಕಲರು. ‘ಮಿಸ್’ ಎಂದರೆ ಹೇಗೆ ಎಂದು ನನ್ನ ಮಗ ಕೇಳಿದ. ಮನೆಯಲ್ಲೂ ಹಾಜರಿ ಪುಸ್ತಕ ಹಿಡಿದು ಓಡಾಡಬೇಕಾದೀತೆಂದು ನಾನೇ ಬೇಡವೆಂದೆ. ಉಳಿದದ್ದು ಒಂದೇ ಪದ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಆ ಪದದ ಒಡತಿ ಹಜಾರದ ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಸಭೆಯನ್ನು ಮುಂದೂಡಲಾಯಿತು. ಈವರೆಗೂ ಅದು ಮತ್ತೆ ಸೇರಿಲ್ಲ.

ನನ್ನ ಮಗನ ವಿಷಯದಲ್ಲಿ ಈ ತೊಡಕು ಬರಲೇ ಇಲ್ಲ. ಆ ಮಹಾರಾಯ ಎರಡನೆಯ ದಿನವೇ, ಒಂದು ಕ್ರಿಕೆಟ್ ಬ್ಯಾಟಿನ ಬೆಲೆಗೆ, ಇವರನ್ನು ‘ಅಪ್ಪ’ ಎಂದುಬಿಟ್ಟ. ಹೆತ್ತ ತಂದೆ ಹಾಸನದಲ್ಲಿರುವುದರಿಂದ ಅವರು ‘ಹಾಸನದಪ್ಪ’, ಇವರು ‘ಮೈಸೂರಪ್ಪ’. ಜಿಲ್ಲಾವಾರು ಅಪ್ಪಂದಿರ ಈ ವ್ಯವಸ್ಥೆಯಲ್ಲಿ ಅವನಿಗೆ ಯಾವ ಗೊಂದಲವೂ ಇಲ್ಲ. ಬೇಸಿಗೆ ರಜೆಗೆ ಹೊರಟಾಗ ಒಂದು ಜಿಲ್ಲೆಯಿಂದ ಬೀಳ್ಕೊಂಡು ಇನ್ನೊಂದು ಜಿಲ್ಲೆಯಲ್ಲಿ ಅಧಿಕಾರ ವಹಿಸಿಕೊಳ್ಳುತ್ತಾನೆ.

ಮಗಳ ರೀತಿಯೇ ಬೇರೆ. ಅವಳು ಒರಟಳಲ್ಲ, ಎದುರು ಮಾತಾಡುವವಳಲ್ಲ. ತಟ್ಟೆ ತೊಳೆದಿಡುತ್ತಾಳೆ, ಒಣಗಿದ ಬಟ್ಟೆ ಮಡಚುತ್ತಾಳೆ. ಆದರೆ ನಮ್ಮಿಬ್ಬರ ನಡುವಿನಿಂದ ಮಧ್ಯಮ ಪುರುಷವನ್ನು ಅವಳು ಸಂಪೂರ್ಣವಾಗಿ ಗಡೀಪಾರು ಮಾಡಿದ್ದಾಳೆ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ವಾಕ್ಯ ಕುಂಟುವುದಿಲ್ಲವೆಂದು ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತಿದ್ದೆ, ಆ ಸೌಲಭ್ಯವನ್ನು ಒಬ್ಬ ಹುಡುಗಿ ಇಷ್ಟು ಕಠೋರವಾಗಿ ಬಳಸಿಕೊಳ್ಳಬಹುದೆಂದು ಎಣಿಸಿರಲಿಲ್ಲ. ‘ನೀನು’ ಎಂದರೆ ಸಲಿಗೆಯಾದೀತು, ‘ನೀವು’ ಎಂದರೆ ಅತಿಥಿಯೆಂದು ಆದೀತು. ಸರ್ವನಾಮವನ್ನು ಬಿಟ್ಟರೂ ‘ಬಂದೆಯಾ’, ‘ಬಂದಿರಾ’ ಎಂಬ ಕ್ರಿಯಾಪದದ ಬಾಲದಲ್ಲಿ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಅವಳು ಬಾಲವನ್ನೂ ಕತ್ತರಿಸಿದ್ದಾಳೆ. ನಾನು ಶಾಲೆಯಿಂದ ಮನೆಗೆ ಬಂದಾಗ ‘ಬಂದಾಯಿತಾ?’ ಎನ್ನುತ್ತಾಳೆ. ಊಟ ಮಾಡುತ್ತಿದ್ದರೆ ‘ಸಾರು ಬೇಕಾಗಿದೆಯಾ?’ ಎನ್ನುತ್ತಾಳೆ. ಎಲ್ಲವೂ ಪ್ರಥಮ ಪುರುಷ, ಎಲ್ಲವೂ ನಪುಂಸಕಲಿಂಗ. ಫ್ರಿಜ್ಜಿನ ಬಾಗಿಲಿಗೆ ಅವಳು ಅಂಟಿಸುವ ಚೀಟಿಗಳಂತೂ ತಾಲ್ಲೂಕು ಕಚೇರಿಯ ಸುತ್ತೋಲೆಗಳಂತಿರುತ್ತವೆ: ‘ನಾಳೆ ಡಬ್ಬಿಗೆ ಚಿತ್ರಾನ್ನವಾದರೆ ಒಳ್ಳೆಯದು. ಸಾಕ್ಸ್ ಒಗೆಯಲು ಹಾಕಲಾಗಿದೆ.’

ತಂದೆಯೊಡನೆ ನನ್ನ ವಿಷಯ ಮಾತಾಡಬೇಕಾದಾಗ ಅವಳು ಸಪ್ತಮೀ ವಿಭಕ್ತಿಯನ್ನು ಆಶ್ರಯಿಸುತ್ತಾಳೆ. ‘ಬೀಗದ ಕೈ ಅಲ್ಲಿ ಕೊಟ್ಟಿದ್ದೇನೆ ಅಪ್ಪ’, ‘ಅಲ್ಲಿ ಕೇಳಿದೆ, ಹೋಗಬಹುದಂತೆ’. ಆ ‘ಅಲ್ಲಿ’ ನಾನೇ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ನಾನು ವ್ಯಕ್ತಿಯಲ್ಲ, ಒಂದು ಸ್ಥಳ. ಅಡುಗೆಮನೆಗೂ ವಾಷಿಂಗ್ ಮಷಿನ್ನಿಗೂ ಮಧ್ಯೆ ಎಲ್ಲೋ ಇರುವ ಒಂದು ನಿಲ್ದಾಣ. ತುರ್ತು ಸಂದರ್ಭದಲ್ಲಿ ಬೇಕಾದ ವಸ್ತುವಿನ ಹೆಸರನ್ನೇ ಹಿಡಿದು ಕರೆಯುವುದೂ ಉಂಟು. ಬಚ್ಚಲುಮನೆಯ ಬಾಗಿಲ ಹಿಂದಿನಿಂದ ‘ಟವೆಲ್!’ ಎಂಬ ಕೂಗು ಬಂದರೆ ನಾನು ‘ಓ’ ಎನ್ನುತ್ತೇನೆ. ಈ ಹದಿನಾಲ್ಕು ತಿಂಗಳಲ್ಲಿ ನಾನು ಟವೆಲ್, ಬಾಚಣಿಗೆ, ಇಸ್ತ್ರಿಪೆಟ್ಟಿಗೆ ಮತ್ತು ಜಾಮಿಟ್ರಿ ಬಾಕ್ಸ್ ಎಂಬ ಹೆಸರುಗಳಿಗೆಲ್ಲ ಓಗೊಟ್ಟಿದ್ದೇನೆ.

ಇನ್ನು ನಿನ್ನೆಯ ಹಾಲಿಗೆ ಬರುತ್ತೇನೆ. ನಮ್ಮ ಗ್ಯಾಸ್ ಒಲೆಯ ಎಡಗಡೆಯ ನಾಬ್ ಮೂರು ತಿಂಗಳಿಂದ ಸಡಿಲವಾಗಿ, ತಿರುಗಿಸಲು ಹೋದರೆ ಕಿತ್ತು ಕೈಗೆ ಬರುತ್ತದೆ. ಒಳಗಿನ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವ ಹದ ನನಗೊಬ್ಬಳಿಗೇ ಗೊತ್ತು. ಹೊಸ ನಾಬ್ ತರುವುದು ಇವರ ಕೆಲಸಗಳ ಪಟ್ಟಿಯಲ್ಲಿದೆ, ಆ ಪಟ್ಟಿಯೂ ಎಲ್ಲೋ ಇದೆ. ಒಲೆಯ ಮೇಲೆ ಹಾಲಿಟ್ಟು, ಉಕ್ಕು ಬಂದರೆ ಕರೆ ಎಂದು ಮಗಳಿಗೆ ಹೇಳಿ ನಾನು ತಾರಸಿಗೆ ಬಟ್ಟೆ ಹರವಲು ಹೋದೆ. ಹಾಲು ಮೇಲೆದ್ದಿತು. ಮಗಳು ಮೆಟ್ಟಿಲ ಬುಡಕ್ಕೆ ಓಡಿ ಬಂದಳು, ಕೂಗಲು ಬಾಯಿ ತೆರೆದಳು, ಆ ಬಾಯಲ್ಲಿ ಪದವೇ ಇರಲಿಲ್ಲ. ಎರಡು ಅಕ್ಷರ ಖರ್ಚು ಮಾಡುವುದರ ಬದಲು ಆ ಹುಡುಗಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು, ನನ್ನ ಬೆನ್ನ ಹಿಂದೆ ನಿಂತು, ಒಮ್ಮೆ ಗಂಟಲು ಸರಿಮಾಡಿಕೊಂಡಳು. ನಾನು ಕೇಳಿಸಿಕೊಳ್ಳಲಿಲ್ಲ, ಬೆಡ್‌ಶೀಟಿನ ಎರಡು ತುದಿ ನನ್ನ ಕೈಯಲ್ಲಿದ್ದು, ಕ್ಲಿಪ್ಪು ಹಲ್ಲಿನಲ್ಲಿತ್ತು. ಎರಡನೆಯ ಸಲ ಗಂಟಲು ಸರಿಮಾಡಿಕೊಂಡಳು. ಕೊನೆಗೆ ಆಕಾಶವಾಣಿಯ ವಾರ್ತಾವಾಚಕಿಯ ಗಾಂಭೀರ್ಯದಲ್ಲಿ ಹೇಳಿದಳು: ‘ಕೆಳಗೆ ಹಾಲು ಉಕ್ಕುತ್ತಿದೆ.’ ಆ ಹೊತ್ತಿಗೆ ಅದು ಉಕ್ಕುತ್ತಿರಲಿಲ್ಲ, ಉಕ್ಕಿಯಾಗಿತ್ತು. ಕಾಲದ ವಿಷಯದಲ್ಲಾದರೂ ಅವಳ ವ್ಯಾಕರಣ ತಪ್ಪಿತೆಂದು ನನಗೆ ಒಂದು ಬಗೆಯ ತೃಪ್ತಿಯಾಯಿತು.

ಕಟ್ಟೆ ಒರೆಸಿ, ಈರುಳ್ಳಿ ತೊಳೆದು, ಹಾಲಿಲ್ಲದ ಕಾಫಿ ಹಿಡಿದು ಪತ್ರಿಕೆ ಬಿಡಿಸಿದರೆ ಮೂರನೆಯ ಪುಟದಲ್ಲಿ ದಪ್ಪಕ್ಷರ: ‘ಅನುದಾನ ಹಂಚಿಕೆಯಲ್ಲಿ ಮಲತಾಯಿ ಧೋರಣೆ’. ಮಗಳಿಗೆ ನನ್ನನ್ನು ಕರೆಯಲು ಒಂದು ಪದವೂ ಸಿಗುವುದಿಲ್ಲ, ಪತ್ರಿಕೆಗಳಿಗೆ ಮಾತ್ರ ಧಾರಾಳವಾಗಿ ಸಿಗುತ್ತದೆ. ರೈಲು ನಿಲ್ಲದಿದ್ದರೆ ಮಲತಾಯಿ ಧೋರಣೆ, ಕಾಲುವೆಗೆ ನೀರು ಬಿಡದಿದ್ದರೆ ಮಲತಾಯಿ ಧೋರಣೆ, ರಸ್ತೆಗೆ ಡಾಂಬರು ಬೀಳದಿದ್ದರೂ ಅದೇ. ಇಷ್ಟು ಇಲಾಖೆಗಳ ಹೊಣೆಯನ್ನು ಹೊತ್ತ ಇನ್ನೊಬ್ಬ ಹೆಂಗಸು ನಾಡಿನಲ್ಲಿಲ್ಲ. ‘ಮಲತಂದೆ ಧೋರಣೆ’ ಎಂದು ಯಾರಾದರೂ ಬರೆದದ್ದನ್ನು ನಾನಂತೂ ಕಂಡಿಲ್ಲ. ತಂದೆಯ ತೊಡೆಯೇರಲು ಬಂದ ಧ್ರುವನನ್ನು ಗದರಿ ಕಳಿಸಿದ ಸುರುಚಿಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಮಾದ್ರಿ ಚಿತೆಯೇರಿದ ಮೇಲೆ ನಕುಲ ಸಹದೇವರನ್ನು ತನ್ನ ಮೂವರೊಡನೆ ಸಾಕಿದ ಕುಂತಿಯೂ ಮಲತಾಯಿಯೇ ಎಂಬುದು ಮಾತ್ರ ಯಾವ ವರದಿಗಾರನಿಗೂ ಹೊಳೆಯುವುದಿಲ್ಲ. ಅನುದಾನ ಸರಿಯಾಗಿ ಬಂದ ದಿನ ‘ಕುಂತಿ ಧೋರಣೆ’ ಎಂದು ಬರೆಯಬಾರದೇ?

ಕಾಗದಪತ್ರಗಳ ಲೋಕವೂ ಇದಕ್ಕಿಂತ ವಾಸಿಯಾಗಿಲ್ಲ. ಕಳೆದ ತಿಂಗಳು ಮಗಳ ಶಾಲೆಯಿಂದ ಬೇಲೂರು, ಹಳೇಬೀಡು ಪ್ರವಾಸದ ಒಪ್ಪಿಗೆ ಪತ್ರ ಬಂದಾಗ ಇವರು ಊರಿನಲ್ಲಿರಲಿಲ್ಲ. ನಾನೇ ಸಹಿ ಹಾಕಿ, ‘ಸಂಬಂಧ’ ಎಂಬ ಅಂಕಣದ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, ಕೊನೆಗೆ ‘ಪೋಷಕರು’ ಎಂದು ಬರೆದೆ. ಪತ್ರ ಮರುದಿನ ವಾಪಸು ಬಂದಿತು. ವಕೀಲಿಕೆ ಮಾಡುವ ನನ್ನ ತಮ್ಮನಿಗೆ ಫೋನು ಮಾಡಿ ಕೂಗಾಡಿದೆ. ಅವನು ತಣ್ಣಗೆ ವಿವರಿಸಿದ್ದು ಹೀಗಿತ್ತು: 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಅಧಿನಿಯಮದ 6ನೆಯ ಪ್ರಕರಣದಲ್ಲಿ ಸಹಜ ಪಾಲಕರು ಯಾರೆಂದು ಹೇಳಿದ ಮೇಲೆ, ‘ತಂದೆ’, ‘ತಾಯಿ’ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಆದರೆ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಅಧಿನಿಯಮದಲ್ಲಿ ‘ತಂದೆತಾಯಿ’ ಎಂದರೆ ಮಲತಂದೆ, ಮಲತಾಯಿಯೂ ಹೌದು. ಅಂದರೆ ಇವಳು ಚಿಕ್ಕವಳಿರುವಷ್ಟು ಕಾಲ ಹೊಯ್ಸಳರ ಶಿಲ್ಪ ನೋಡಲು ಕಳಿಸುವ ಅಧಿಕಾರವೂ ನನಗಿಲ್ಲ. ಇವಳು ದೊಡ್ಡವಳಾಗಿ ನನಗೆ ಅನ್ನ ಹಾಕದೆ ಹೋದರೆ ಮಾತ್ರ ನಾನು ತಾಯಿಯೆಂದು ನ್ಯಾಯಮಂಡಳಿಯ ಮೆಟ್ಟಿಲೇರಿ, ತಿಂಗಳಿಗೆ 10,000 ರೂಪಾಯಿಗೆ ಮೀರದ ಜೀವನಾಂಶ ಕೇಳಬಹುದು. ಈ ಸುದ್ದಿಯನ್ನು ಇವರಿಗೆ ತಿಳಿಸಿದಾಗ, ‘ಇನ್ನೈದು ವರ್ಷ ತಾಳಿಕೋ’ ಎಂದರು.

ನಗುವುದಕ್ಕಾಗದ ಒಂದು ಬೆಳಗೂ ಇತ್ತು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಯ ದಿನ ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಹಜಾರದಿಂದ ಸ್ಪಷ್ಟವಾಗಿ ‘ಅಮ್ಮಾ’ ಎಂದು ಕೇಳಿಸಿತು. ‘ಓ’ ಎನ್ನಲು ಬಾಯಿ ತೆರೆದವಳು, ‘ಇವತ್ತು ಗಣಿತ, ನೋಡಿಕೋ’ ಎಂಬ ಮುಂದಿನ ಮಾತು ಕೇಳಿ, ಆ ‘ಓ’ವನ್ನು ಕೆಮ್ಮಾಗಿ ಮಾರ್ಪಡಿಸಿದೆ. ಅವಳು ಪಟದ ಮುಂದೆ ಬೂಟು ಬಿಚ್ಚಿ ನಿಂತಿದ್ದಳು. ಆ ‘ನೋಡಿಕೋ’ದಲ್ಲಿ ಮಧ್ಯಮ ಪುರುಷ ಏಕವಚನ ಎಷ್ಟು ಸಲೀಸಾಗಿ, ಎಷ್ಟು ಅಂದವಾಗಿ ಕುಳಿತಿತ್ತೆಂದರೆ, ಅಂದಿನ ಚಪಾತಿಗಳು ಯಾವ ದೇಶದ ನಕ್ಷೆಗೂ ಹೊಂದಲಿಲ್ಲ.

ನಿನ್ನೆ ಸಂಜೆ ಹಾಲಿನ ಕಥೆಯನ್ನು ಅತ್ತೆಯವರ ಮುಂದೆ ತೋಡಿಕೊಂಡೆ. ಬತ್ತಿ ಹೊಸೆಯುತ್ತಿದ್ದ ಅವರು ತಲೆಯೆತ್ತದೆ ಹೇಳಿದರು: ‘ನಿಮ್ಮ ಮಾವನವರನ್ನು ನಾನು ಐವತ್ತೆರಡು ವರ್ಷ ಹೆಸರು ಹಿಡಿಯದೆ ಕರೆದೆ ಕಣಮ್ಮ. ಒಂದು ದಿನವಾದರೂ ಹಾಲು ಉಕ್ಕಲಿಲ್ಲ.’ ಆ ಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ನೀನು ನನ್ನ ಮಗನನ್ನು ಏನೆಂದು ಕರೆಯುತ್ತೀ?’ ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ವ್ಯಾಕರಣ ಪಂಡಿತೆಯಾದ ನಾನು ಇವರನ್ನು ಕರೆಯುವುದು ‘ರೀ’ ಎಂದು. ಇವರಾದರೂ ಅಷ್ಟೇ. ಮದುವೆಯಾದ ಮೊದಲ ತಿಂಗಳು ಒಂದು ದಿನ ಕಾಫಿ ಕೇಳುವಾಗ ಬಾಯಿ ತಪ್ಪಿ ನನ್ನನ್ನು ಪಟದಲ್ಲಿರುವವರ ಹೆಸರಿನಿಂದ ಕರೆದುಬಿಟ್ಟರು. ಆ ಗಾಬರಿಯಲ್ಲಿ ಅಂದಿನಿಂದ ಯಾವ ಹೆಸರಿನ ತಂಟೆಗೂ ಹೋಗದೆ ‘ಇವಳೇ’ ಎನ್ನುತ್ತಾರೆ. ಮೂವರು ದೊಡ್ಡವರು ಸೇರಿ ಒಂದು ಹೆಸರನ್ನೂ ಉಚ್ಚರಿಸದ ಮನೆಯಲ್ಲಿ ಹದಿಮೂರರ ಹುಡುಗಿಯೊಬ್ಬಳನ್ನೇ ನಾನು ಕಟಕಟೆಯಲ್ಲಿ ನಿಲ್ಲಿಸಿದ್ದೆ.

ಹಾಗೆಂದು ಸಿಟ್ಟೇನೂ ಪೂರ್ತಿ ಇಳಿದಿಲ್ಲ, ಅರ್ಧ ಲೀಟರ್ ಹಾಲು ಅರ್ಧ ಲೀಟರ್ ಹಾಲೇ. ಇಂದು ಬೆಳಿಗ್ಗೆ ಒಲೆಯ ಮೇಲೆ ಮತ್ತೆ ಹಾಲಿಟ್ಟು ತಾರಸಿಗೆ ಹೋದೆ. ನಾಬ್ ಇನ್ನೂ ಬಂದಿಲ್ಲ. ಎರಡನೆಯ ಟವೆಲ್ ಹರವುವಷ್ಟರಲ್ಲಿ ಕೆಳಗಿನಿಂದ ಒಂದು ಕೂಗು ಬಂದಿತು: ‘ಹಾಲೂಊಊ…’ ದೂರದಲ್ಲಿರುವವರನ್ನು ಕರೆಯುವಾಗ ಕೊನೆಯ ಸ್ವರವನ್ನು ಎಳೆಯುವುದಕ್ಕೆ ವ್ಯಾಕರಣದಲ್ಲಿ ಪ್ಲುತವೆಂದು ಹೆಸರು, ಮೂರು ಮಾತ್ರೆಗಳಿರಬೇಕು, ಇದರಲ್ಲಿ ಕಡಿಮೆಯೆಂದರೂ ಏಳಿದ್ದವು. ‘ಓ, ಬಂದೆ’ ಎಂದು ಇಪ್ಪತ್ತೆರಡು ಮೆಟ್ಟಿಲು ಇಳಿದೆ. ಹಾಲು ಪಾತ್ರೆಯ ಅಂಚಿನವರೆಗೂ ಎದ್ದು ನಿಂತಿತ್ತು, ಮಗಳು ಇಕ್ಕಳವನ್ನು ಆಗಲೇ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದ್ದಳು.

‘ಇವಳೇ, ಯಾರನ್ನು ಕೂಗಿದ್ದು ಅದು?’ ಎಂದು ಇವರು ಪತ್ರಿಕೆಯ ಹಿಂದಿನಿಂದ ಕೇಳಿದರು.

‘ನನ್ನನ್ನೇ ರೀ’ ಎಂದೆ.