ಸಾಧಕದ ಲೆಕ್ಕ: ಲಂಡನ್ನಿನ ನೋಟ್‌ಬುಕ್ಕು, ಮೈಸೂರಿನ ಮೂರು ಕಾಲ

ಇಲ್ಲಿ ಲಂಡನ್ನಿನಲ್ಲಿ ಪಿಯಾನೊ ಕಲಿಯುವ ಮಕ್ಕಳ ಚೀಲದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ನೋಟ್‌ಬುಕ್ಕು ಇರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಪಾಠ. ಮುಗಿಯುವಾಗ ಟೀಚರ್ ಮುಂದಿನ ವಾರದ ಕೆಲಸ ಬರೆದುಕೊಡುತ್ತಾರೆ, ದಿನಕ್ಕೆಷ್ಟು ನಿಮಿಷ ನುಡಿಸಿದೆ ಎಂದು ಮಗು ತುಂಬುತ್ತದೆ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಮನೆಗಳಲ್ಲಿ ಹೀಗೆ ಬರೆದಿಡುವ ರೂಢಿ ಕಡಿಮೆ. ಅಲ್ಲಿ ಸಾಧಕ ಎಂದರೆ ಪಾಠ ಒಪ್ಪಿಸುವುದು: ವರಸೆ (ಆರಂಭದ ಸ್ವರಾಭ್ಯಾಸ) ಮೊದಲನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ತಪ್ಪದೆ ನಿಂತರೆ ದುಪ್ಪಟ್ಟು ವೇಗದ ಎರಡನೆಯದು, ಅದೂ ನಿಂತರೆ ಮೂರನೆಯದು. ನನ್ನ ಮಟ್ಟಿಗೆ ವರ್ಷದ ಪ್ರಗತಿಗೆ ಮೈಸೂರಿನ ಅಳತೆಗೋಲೇ ಸರಿ. ಅದನ್ನು ಬರೆದಿಡಲು ಮಾತ್ರ ಲಂಡನ್ನಿನ ನೋಟ್‌ಬುಕ್ಕು ಬೇಕು.

ದಿನಾ ನಲವತ್ತು ನಿಮಿಷ ಕೂತರೂ ಪಾಠ ಮುಂದೆ ಹೋಗದಿರಲು ದೊಡ್ಡ ಕಾರಣ, ಪ್ರತಿ ಸಲವೂ ಮೊದಲಿಂದ ಶುರು ಮಾಡುವುದು. ಮೊದಲ ಎಂಟು ಬಾರ್ (ಹಾಳೆಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ತುಂಡುಗಳು) ನಯವಾಗುತ್ತವೆ, ಕೊನೆಯ ಪುಟ ಹಸಿಯಾಗೇ ಉಳಿಯುತ್ತದೆ. ನಿಮಿಷದ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ, ಬಾರ್ ಸಂಖ್ಯೆ ಬರೆದರೆ ಎರಡೇ ವಾರದಲ್ಲಿ ಕಾಣುತ್ತದೆ.

ಡಿ ಮೇಜರ್ ಸ್ಕೇಲನ್ನೇ, ಅಂದರೆ ‘ಡಿ’ಯಿಂದ ಶುರುವಾಗುವ ಸ್ವರಸಾಲನ್ನೇ, ತೆಗೆದುಕೊಳ್ಳಿ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಶಂಕರಾಭರಣ. ಆರೋಹಣದಲ್ಲಿ ಎಡಗೈ ಬೆರಳು 5-4-3-2-1-3-2-1 (ಹೆಬ್ಬೆರಳು 1, ಕಿರುಬೆರಳು 5). ‘ಎ’ ಮೇಲೆ ಹೆಬ್ಬೆರಳು ಬಂದ ಮೇಲೆ ಮೂರನೇ ಬೆರಳು ಅದನ್ನು ದಾಟಿ ‘ಬಿ’ ಹಿಡಿಯಬೇಕು. ತಡವಾಗುವುದು ಅಲ್ಲೇ, ಏಕೆಂದರೆ ಹೆಬ್ಬೆರಳು ಕೀಲಿಗೆ ಅಂಟಿಕೊಂಡಿರುತ್ತದೆ, ಮೊಣಕೈ ಜರುಗಿರುವುದಿಲ್ಲ. ಇಡೀ ಸ್ಕೇಲನ್ನು ಇಪ್ಪತ್ತು ಸಲ ಓಡಿಸುವ ಬದಲು ಜಿ-ಎ-ಬಿ ಮೂರನ್ನೇ 2-1-3 ಬೆರಳಲ್ಲಿ ಹತ್ತು ಸಲ ನುಡಿಸಿ. ಆಮೇಲೆ ಲಯದ ಪೆಟ್ಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿನಲ್ಲಿಟ್ಟು ಪೆಟ್ಟಿಗೆ ಒಂದು ಸ್ವರ, ಎರಡು, ನಾಲ್ಕು. ಲಯ ಬದಲಿಸದೆ ಸ್ವರ ದುಪ್ಪಟ್ಟು ಮಾಡುವ ಈ ತ್ರಿಕಾಲದ ಪರೀಕ್ಷೆಯಲ್ಲಿ ಬೆರಳಿನ ಮೋಸ ತಕ್ಷಣ ಬಯಲಾಗುತ್ತದೆ. ಒಂದನೇ ಕಾಲದಿಂದ ಎರಡಕ್ಕೆ ಹಾರುವಾಗ ಮಣಿಕಟ್ಟು ಬಿಗಿದರೆ ಮೆಟ್ರೊನೋಮಿನ ಸಣ್ಣ ಮೆಟ್ಟಿಲು ಹಿಡಿಯಿರಿ: 60, 63, 66, 69, 72, ಆಮೇಲೆ 76, 80. ಸತತ ಐದು ಸಲ ತಪ್ಪಿಲ್ಲದೆ ಬಂದರೆ ಒಂದು ಮೆಟ್ಟಿಲು ಮೇಲೆ. ನಾಲ್ಕನೆಯದರಲ್ಲಿ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ರಾತ್ರಿ ಕಳೆದರೆ ವೇಗ ಸ್ವಲ್ಪ ಇಳಿಯುವುದು ಸಹಜ, ಹಾಗಾಗಿ 72ಕ್ಕೆ ನಿಲ್ಲಿಸಿದ್ದರೆ ಮಾರನೇ ದಿನ 66ರಿಂದ ಶುರು.

ಪುಸ್ತಕದಲ್ಲಿ ಬರೆಯಬೇಕಾದ್ದು ಇಷ್ಟೇ: “ಡಿ ಮೇಜರ್, ಎಡಗೈ, 60–66, ಸತತ 5, ಎ-ಬಿ ತಡ.” ಕೊನೆಯ ಎರಡು ಪದವೇ ಮುಖ್ಯ, ನಾಳೆಯ ಕೆಲಸ ಅಲ್ಲಿದೆ. ಯಾವ ವಾದ್ಯ ಎಂದೂ ಗುರುತು ಹಾಕಿ. ಮನೆಯಲ್ಲಿ 61 ಕೀಲಿಯ ಹಗುರ ಕೀಬೋರ್ಡ್, ಕ್ಲಾಸಿನಲ್ಲಿ 88 ಕೀಲಿಯ ಪಿಯಾನೊ ಇದ್ದರೆ ಮನೆಯ 80 ಅಲ್ಲಿ 66ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದು ಹಿನ್ನಡೆಯಲ್ಲ, ಕೀಲಿಯ ಭಾರ.

ಗ್ರೇಡ್ ಪರೀಕ್ಷೆ (ಹಂತ ಹಂತದ ಸಂಗೀತ ಪರೀಕ್ಷೆ) ಕಟ್ಟಿದ ಮಕ್ಕಳ ವಿಷಯದಲ್ಲಿ ನನಗೊಂದು ಬೇಸರವಿದೆ. ಇಡೀ ವರ್ಷ ಮೂರೇ ತುಣುಕು ತಿಕ್ಕುತ್ತಾರೆ, ಹೊಸ ಹಾಳೆ ನೋಡಿ ನುಡಿಸುವ ಅಭ್ಯಾಸದ ಕಾಲಂ ಖಾಲಿ. ದಿನಕ್ಕೆ ಐದು ನಿಮಿಷ ಅದಕ್ಕೆ ಕೊಡಲೇಬೇಕು.

ಲಂಡನ್ನಿನ ಟರ್ಮುಗಳ ಲೆಕ್ಕ ಮೈಸೂರಿಗೆ ಹೊಂದುವುದಿಲ್ಲ. ಜೂನ್‌ನಿಂದ ಶುರು ಮಾಡಿ; ದಸರಾ, ಶಾಲೆಯ ಪರೀಕ್ಷೆ, ಊರಿನ ಹಬ್ಬಕ್ಕೆ ಎಂಟು ವಾರ ಮೊದಲೇ ಬಿಟ್ಟುಬಿಡಿ. ಉಳಿದ 44 ವಾರ, ವಾರಕ್ಕೆ ಐದು ದಿನ, ಅರ್ಧ ಗಂಟೆಯಂತೆ 110 ಗಂಟೆ. ತಪ್ಪಿದ ದಿನಗಳನ್ನು ಭಾನುವಾರ ಎರಡು ಗಂಟೆ ಕೂರಿಸಿ ತುಂಬಿಸಬೇಡಿ, ಕೈ ಸೋಲುತ್ತದೆ, ತಪ್ಪೇ ರೂಢಿಯಾಗುತ್ತದೆ.

ಈ ಎರಡು ದಾರಿ ಕೂಡಿದ್ದು ಮೈಸೂರಿನಲ್ಲಿ ಹೊಸದೇನಲ್ಲ. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರೇ ಪಿಯಾನೊ ಕಲಿತವರು. ರಷ್ಯಾದ ಸಂಗೀತಗಾರ ಮೆಟ್ನರ್ 1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿದ್ದು ಅವರ ನೆರವಿನಿಂದ.

ಧ್ವನಿಮುದ್ರಣ ನೀವೂ ಇಟ್ಟುಕೊಳ್ಳಿ. ಪ್ರತಿ ತಿಂಗಳ ಒಂದನೇ ತಾರೀಕು, ಅದೇ ತುಣುಕು, ಮೊದಲ ಯತ್ನವೇ. ಮೊಬೈಲನ್ನು ಪಿಯಾನೊ ಮೇಲಿಟ್ಟರೆ ಅದುರು ಸೇರಿ ಸದ್ದು ಕೆಡುತ್ತದೆ, ಆರು ಅಡಿ ದೂರದ ಕುರ್ಚಿ ಮೇಲಿಡಿ. ಮೇ ಬಂದಾಗ ಮೊದಲ ಜೂನಿನದನ್ನೂ ಈಗಿನದನ್ನೂ ಒಂದರ ಹಿಂದೊಂದು ಕೇಳಿ, ಹಳೆಯ ಪುಟದ “ಎ-ಬಿ ತಡ” ಇನ್ನೂ ಕೇಳಿಸುತ್ತದೆಯೇ ಎಂದು ಪಕ್ಕದಲ್ಲೇ ಬರೆಯಿರಿ.